ಮಗು ಮಲಗೋ ಹೊತ್ತಿಗೇ ಕುಕ್ಕರ್ ಕೂಗುತ್ತೆ!

ಆರು ತಿಂಗಳು ದಾಟಿದ ಮಗು ಇರೋ ಮನೆಯಲ್ಲಿ ರಾತ್ರಿ ಊಟ ಅನ್ನೋದು ರುಚಿಯ ಪ್ರಶ್ನೆ ಅಲ್ಲ, ಟೈಮಿನ ಪ್ರಶ್ನೆ. ಅನ್ನ ಬೇಯೋ ಹೊತ್ತಿಗೂ ಮಗು ಸುಮ್ಮನಿರೋ ಹೊತ್ತಿಗೂ ಯಾವತ್ತೂ ತಾಳೆ ಆಗಲ್ಲ.

ಇದರ ಹಿಂದೆ ಒಂದು ಲೆಕ್ಕವೂ ಇದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಎದೆಹಾಲಿನ ಜೊತೆ ಬೇರೆ ಆಹಾರ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಆರು ತಿಂಗಳಿಗೇ. ಅಂದ್ರೆ ಅಮ್ಮ ಲ್ಯಾಪ್‌ಟಾಪ್ ತೆರೆಯೋ ವಾರ, ಮಗುವಿಗೆ ಮೊದಲ ತುತ್ತು ಇಡೋ ವಾರ ಹೆಚ್ಚುಕಮ್ಮಿ ಒಂದೇ!

ನಾನು ಬೈಂದೂರಿನ ಗಂಡನ ಮನೆಯಿಂದಲೇ ಬೆಂಗಳೂರಿನ ಆಫೀಸ್ ಕೆಲಸ ಮಾಡ್ತೀನಿ. ಸಂಜೆ ಏಳಕ್ಕೆ ಕಾಲ್, ಎಂಟೂವರೆಗೆ ಮಗಳ ನಿದ್ದೆ, ನಡುವೆ ನಾಲ್ಕು ಜನರ ಊಟ. ಮೊದಲ ಎರಡು ತಿಂಗಳು ಎಲ್ಲರೂ ಉಂಡಾದ ಮೇಲೆ ತಣ್ಣಗಿನ ಅನ್ನ ಉಣ್ಣೋ ಪಾಳಿ ಒಂದೋ ನಂದು, ಇಲ್ಲಾ ಅತ್ತೇದು. ಅದನ್ನ ಬದಲಾಯಿಸಲೇಬೇಕಿತ್ತು.

ಸೀಲಿಂಗಿಗೆ ಹತ್ತಿದ ಹೆಸರುಬೇಳೆ

ಒಂದು ಸಂಜೆ ನಾನು ಕಾಲ್‌ನಲ್ಲಿದ್ದೆ, ಒಲೆ ಹತ್ರ ಇವ್ರಿದ್ರು. ಕುಕ್ಕರ್ ಸಿಳ್ಳೆ ಹಾಕೋ ಬದಲು ಬುಸ್ ಅಂತ ಬೇಳೆ ಕಾರಿತು. ಸೀಲಿಂಗ್ ತುಂಬ ಹಳದಿ ಚುಕ್ಕಿ. ಪಕ್ಕದ ಕೋಣೇಲಿ ಮಲಗಿದ್ದ ಮಗಳು ಎದ್ದು ಒಂದೇ ರಾಗ.

ಬೇಳೆ, ಅಕ್ಕಿ ಬೇಯುವಾಗ ನೊರೆ ಕಟ್ಟುತ್ತೆ. ಪಾತ್ರೆ ತುಂಬಿದ್ದರೆ ಆ ನೊರೆ ಆವಿ ಹೋಗೋ ತೂತಿಗೇ ನುಗ್ಗುತ್ತೆ. ತೂತು ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತೆ, ಆಗ ಅದು ತಮಾಷೆ ಅಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಇದು ಓವರ್‌ಲೋಡ್. ಪರಿಹಾರ ಸುಲಭ: ಬೇಳೆ, ಅಕ್ಕಿ ಇಡುವಾಗ ನೀರೂ ಸೇರಿ ಕುಕ್ಕರ್ ಅರ್ಧ ಮೀರಬಾರದು. ಅರ್ಧ ಚಮಚ ಎಣ್ಣೆ ಹಾಕಿದರೆ ನೊರೆ ಕಮ್ಮಿ. ಮುಚ್ಚಳದ ತೂತನ್ನ ಬೆಳಕಿಗೆ ಹಿಡಿದು ನೋಡಿಯೇ ಮುಚ್ಚಿ. ಮಗುವನ್ನ ಸೊಂಟದಲ್ಲಿ ಎತ್ತಿಕೊಂಡು ಒಲೆ ಹತ್ರ ನಿಲ್ಲೋದು ಮಾತ್ರ ಬೇಡವೇ ಬೇಡ.

ಸಿಳ್ಳೆ ಇಲ್ಲದ ಗಂಜಿ

ನಮ್ಮೂರ ಕುಚ್ಚಲಕ್ಕಿ ಬೇಗ ಬೇಯೋ ಜಾತಿ ಅಲ್ಲ. ಅದಕ್ಕೆ ನಮ್ಮನ್ನ ಕಾಪಾಡಿದ್ದು ಥರ್ಮಲ್ ಕುಕ್ಕರ್. ಸಂಜೆ ಆರಕ್ಕೆ ಅಕ್ಕಿಯನ್ನ ಜಾಸ್ತಿ ನೀರಲ್ಲಿ ಸುಮಾರು 20 ನಿಮಿಷ ಕುದಿಸಿ, ಪಾತ್ರೆ ಸಮೇತ ಡಬ್ಬಿಯೊಳಗಿಟ್ಟು ಮುಚ್ಚಿಬಿಟ್ಟರೆ ಆಯ್ತು. ಒಳಗಿನ ಬಿಸಿಗೇ ಅನ್ನ ಬೇಯುತ್ತೆ. ಗ್ಯಾಸ್ ಉಳೀತು, ಸಿಳ್ಳೆ ಇಲ್ಲ, ಕರೆಂಟೂ ಬೇಡ. ಎಂಟಕ್ಕೆ ತೆಗೆದರೆ ಬಿಸಿ ಗಂಜಿ ರೆಡಿ.

ಕರೆಂಟ್ ಅಂದಾಗ ನೆನಪಾಯ್ತು. ಮಳೆಗಾಲದಲ್ಲಿ ಮಸಾಲೆ ಅರ್ಧ ಅರೆಯುವಾಗಲೇ ಮಿಕ್ಸಿ ನಿಲ್ಲುತ್ತೆ. ಈಗ ಭಾನುವಾರವೇ ವಾರದ ಮಸಾಲೆ ಅರೆದು ಐಸ್ ಟ್ರೇಯಲ್ಲಿ ಫ್ರೀಜರಿಗೆ ಹಾಕಿಡ್ತೀವಿ. ಸಾರಿಗೆ ನಾಲ್ಕು ಕ್ಯೂಬ್ ಸಾಕು.

ಉಪ್ಪಿನ ಜಗಳ

"ಉಪ್ಪಿಲ್ದೆ ಮಗು ಹ್ಯಾಂಗ್ ಉಂಬುದ್ ಮಾರಾಯ್ತಿ?" ಅತ್ತೆ ಕೇಳಿದ್ದು ತಪ್ಪಲ್ಲ, ಅವರು ಮಕ್ಕಳನ್ನ ಸಾಕಿದ್ದೇ ಹಾಗೆ. ಆದರೆ ಒಂದು ವರ್ಷದೊಳಗೆ ಉಪ್ಪು, ಸಕ್ಕರೆ ಸೇರಿಸಬೇಡಿ ಅಂತಾರೆ ಮಕ್ಕಳ ಡಾಕ್ಟರ್‌ಗಳು. ಜೇನಂತೂ ಬೇಡವೇ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಕಣಗಳಿಂದ ಪುಟ್ಟ ಮಕ್ಕಳಿಗೆ ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು.

ಎರಡು ದಿನ ಮುಖ ಊದಿಸಿಕೊಂಡ ಮೇಲೆ ದಾರಿ ತೋರಿಸಿದ್ದೂ ಅತ್ತೆಯೇ. ಎರಡೆರಡು ಅಡುಗೆ ಯಾಕೆ? ಪಾತ್ರೆ ಒಂದೇ ಇರಲಿ, ಉಪ್ಪು-ಖಾರ ಬೀಳೋ ಮುಂಚೆ ಮಗುವಿನ ಪಾಲು ತೆಗೆದಿಟ್ಟರಾಯ್ತು. ಬೇರೆ ಅಡುಗೆಯ ರಗಳೆ ಅಲ್ಲಿಗೆ ಮುಗೀತು.

ನಮ್ಮ ವಾರದ ಮೂರು ಊಟ

ಗಂಜಿ, ಹೆಸರುಬೇಳೆ ತೊವ್ವೆ: ಮಗುವಿಗೆ ಎರಡನ್ನೂ ನುಣ್ಣಗೆ ಮಸೆದು ಅರ್ಧ ಚಮಚ ತುಪ್ಪ. ನಮಗೆ ಒಗ್ಗರಣೆ, ಕಾಯಿ ಚಟ್ನಿ, ಉಪ್ಪಿನಕಾಯಿ.

ಸಿಹಿಗುಂಬಳದ ಹುಳಿ: ಬೇಳೆ, ಹೋಳು ಬೆಂದ ಕೂಡಲೇ ಒಂದು ಸೌಟು ಮಗುವಿಗೆ. ಉಳಿದದ್ದಕ್ಕೆ ಫ್ರೀಜರಿನ ಮಸಾಲೆ. ಜೊತೆಗೆ ಒಂದೆಲಗದ ತಂಬುಳಿ ಇದ್ದರೆ ಒಲೆ ಹಚ್ಚೋ ಕೆಲಸವೂ ಇಲ್ಲ. ಕಾಯಿ ಜೊತೆ ಅರೆದು ಮಜ್ಜಿಗೆ ಬೆರೆಸಿದರೆ ಮುಗೀತು.

ಕಾಣೆ ಮೀನು: ಬಂಗುಡೆಗಿಂತ ಇದರ ಮುಳ್ಳು ಬಿಡಿಸೋದು ಸುಲಭ. ಒಂದು ತುಂಡನ್ನ ಮಸಾಲೆ ಇಲ್ಲದೆ ಹಬೆಯಲ್ಲಿ ಬೇಯಿಸಿ, ಬೆರಳಲ್ಲೇ ಎರಡು ಸಲ ಒತ್ತಿ ನೋಡಿ ಮಗುವಿಗೆ ಕೊಡಿ. ಮೊದಲ ಸಲ ಕೊಡುವಾಗ ಚೂರೇ ಕೊಟ್ಟು, ಆ ದಿನ ಬೇರೆ ಹೊಸ ಆಹಾರ ಬೇಡ. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ದೊಡ್ಡವರಿಗೆ ಒಣಮೀನು ಆದೀತು, ಉಪ್ಪು ಜಾಸ್ತಿ ಇರೋದರಿಂದ ಮಗುವಿಗೆ ಬೇಡ.

ಈಗ ಪಾಳಿ ಹೀಗಿದೆ: ಗಂಜಿ ಇಡೋದು ಅತ್ತೆ, ಮೀನು ಇವ್ರದ್ದು, ಮಗಳನ್ನ ಎತ್ತಿಕೊಂಡು ಅಂಗಳ ಸುತ್ತೋದು ಮಾವ, ಭಾನುವಾರದ ಮಸಾಲೆ ನಂದು. ವಾರದಲ್ಲಿ ನಾಲ್ಕು ದಿನವಾದರೂ ಎಲ್ಲರೂ ಒಟ್ಟಿಗೆ, ಬಿಸಿ ಇರುವಾಗಲೇ ಉಣ್ತೀವಿ. ಉಳಿದ ಮೂರು ದಿನ ಮಗಳು ಹೇಳಿದ್ದೇ ಕಾನೂನು.

ನಿಮ್ಮ ಮನೇಲಿ ಕೊನೆಗೆ ಉಣ್ಣೋರು ಯಾರು? ಇವತ್ತು ರಾತ್ರಿ ಅವರ ತಟ್ಟೆಗೆ ಮೊದಲು ಬಡಿಸಿ ನೋಡಿ.