ಹಳೇ ಫೋರ್ಡೋ, ನಡುಪ್ರಾಯದ ಡಾಡ್ಜೋ?

ಹಳೇ ಕಾರಿನ ಬಂಡವಾಳ ಬಯಲಾಗಬೇಕಾದರೆ ಅದನ್ನು ಏಪ್ರಿಲ್ ತಿಂಗಳಲ್ಲಿ ಹಿರಿಯೂರಿಗೆ ತರಬೇಕು. ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಮ್ಯೂಸಿಯಂನಲ್ಲಿ ಹೊಳೆಯುವ ಬಾನೆಟ್ ನೋಡಿ ಮನಸೋಲುವುದು ಸುಲಭ. ಕೊಂಡು ಓಡಿಸುವವರ ಲೆಕ್ಕವೇ ಬೇರೆ. ಬಯಲುಸೀಮೆಯ ಸಂಗ್ರಾಹಕರ ಮುಂದೆ ಎರಡು ಅಮೆರಿಕನ್ ಕಾರು ನಿಲ್ಲಿಸೋಣ: 1930ರ ಫೋರ್ಡ್ ಮಾಡೆಲ್ ಎ, 1951ರ ಡಾಡ್ಜ್ ಕಿಂಗ್ಸ್‌ವೇ.

ಫೋರ್ಡಿನದು 3.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 40 ಅಶ್ವಶಕ್ತಿ. ಅದರ ಜಾಣತನವೆಲ್ಲ ಪೆಟ್ರೋಲ್ ಟ್ಯಾಂಕಿನಲ್ಲಿದೆ. ಟ್ಯಾಂಕು ಮುಂಗಾಜಿನ ಬುಡದಲ್ಲೇ, ಎತ್ತರದಲ್ಲಿದೆ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಕಾರ್ಬೊರೇಟರ್ ಸೇರುತ್ತದೆ. ಪಂಪಿಲ್ಲ, ಪಂಪಿನ ತಾಪತ್ರಯವೂ ಇಲ್ಲ. ಕಿಂಗ್ಸ್‌ವೇಯಲ್ಲಿ ಎಂಜಿನ್ನಿಗೇ ಅಂಟಿಕೊಂಡ ಪಂಪು. ಬಿಸಿಲೇರಿದಾಗ ಪೆಟ್ರೋಲ್ ಅಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಪಂಪಿನೊಳಗಿನ ಹಳೇ ರಬ್ಬರನ್ನೂ ತಿನ್ನುತ್ತದೆ.

ಆದರೂ ಕಿಂಗ್ಸ್‌ವೇ ಮೇಲೆ ನನಗೊಂದು ಮಮತೆ. ನಮ್ಮ ದೇಶದಲ್ಲೇ ಕಾರಿನ ಕಾರ್ಖಾನೆ ಕಟ್ಟಬೇಕೆಂದು ವಿಶ್ವೇಶ್ವರಯ್ಯನವರು 1935ರಲ್ಲಿ ಅಮೆರಿಕಕ್ಕೂ ಹೋಗಿಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಕಾರ್ಖಾನೆಗೆ ಮೈಸೂರು ಸರ್ಕಾರ ಒಲಿದರೂ ಬ್ರಿಟಿಷರು ಅಡ್ಡಗಾಲು ಹಾಕಿದರು. ಕೊನೆಗೆ 1944ರಲ್ಲಿ ಮುಂಬೈಯಲ್ಲಿ ಹುಟ್ಟಿದ್ದು ವಾಲ್‌ಚಂದರ ಪ್ರೀಮಿಯರ್ ಕಂಪನಿ. ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ ಅದು ಜೋಡಿಸಿದ ಕಾರುಗಳಲ್ಲಿ ಡಾಡ್ಜ್ ಒಂದು. ಎಲ್ಲ ಸರಿಹೋಗಿದ್ದರೆ ಅದು ನಮ್ಮೂರ ಕಡೆಯದೇ ಕಾರಾಗುತ್ತಿತ್ತೇನೋ!

ಮಮತೆ ಬದಿಗಿಟ್ಟರೂ ಕಿಂಗ್ಸ್‌ವೇಗೆ ಆರು ಸಿಲಿಂಡರ್, 97 ಅಶ್ವಶಕ್ತಿ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಖ್ಯವಾಗಿ ಹೈಡ್ರಾಲಿಕ್ ಬ್ರೇಕು. ಮಾಡೆಲ್ ಎಯ ಬ್ರೇಕು ಕಬ್ಬಿಣದ ಸರಳುಗಳಿಂದ ಎಳೆಯುವಂಥದ್ದು. ನಾಲ್ಕೂ ಚಕ್ರ ಸಮನಾಗಿ ಹಿಡಿಯಬೇಕಾದರೆ ಕೈ ಪಳಗಿದ ಮೆಕ್ಯಾನಿಕ್ ಬೇಕು. ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅದನ್ನು ಬಿಡುವುದು ಪೂರಾ ಹುಚ್ಚು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ, ತೋಟ ನೋಡುತ್ತ ನಲವತ್ತರ ವೇಗದಲ್ಲಿ ಹೋಗುವುದಾದರೆ ಅದಕ್ಕಿಂತ ಸೊಗಸಿನ ಸವಾರಿಯಿಲ್ಲ.

ಕೊಳ್ಳುವವರು ಎಡವುವುದು ಕಾಗದದಲ್ಲಿ. 2021ರ ವಿಂಟೇಜ್ ನೋಂದಣಿ ನಿಯಮಕ್ಕೆ ಐವತ್ತು ವರ್ಷ ತುಂಬಿದರಷ್ಟೇ ಸಾಲದು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ದಿನನಿತ್ಯ ಓಡಿಸುವಂತಿಲ್ಲ. ಪೆಟ್ರೋಲ್ ಕುಡಿಯುವ ಹಳೇ ಡಾಡ್ಜುಗಳೆಷ್ಟೋ ಟ್ಯಾಕ್ಸಿಯಾಗಿ ದುಡಿಯುವಾಗ ಡೀಸೆಲ್ ಎಂಜಿನ್ ಕೂರಿಸಿಕೊಂಡವು. ಆ ಎಂಜಿನ್ ಇಲ್ಲದಿದ್ದರೆ ಅವು ಎಂದೋ ಗುಜರಿ ಸೇರುತ್ತಿದ್ದವು. ಈಗ ಅದೇ ಎಂಜಿನ್ ಅವುಗಳ ಬೆಲೆ ಇಳಿಸಿದೆ. ಹಾಗಾಗಿ ಕಿಂಗ್ಸ್‌ವೇ ನೋಡಲು ಹೋದವರು ಬಣ್ಣ, ಕ್ರೋಮಿಗೆ ಮರುಳಾಗದೆ ಮೊದಲು ಬಾನೆಟ್ ಎತ್ತಿಸಿ, ಎಂಜಿನ್ ನಂಬರನ್ನು ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಲಿ. ತಾಳೆಯಾದರೆ ನನ್ನ ಮತ ಡಾಡ್ಜಿಗೆ, ಇಲ್ಲದಿದ್ದರೆ ಫೋರ್ಡಿಗೆ.