ಕೊಟ್ಟಿಗೆಯ ಚಾವಣಿ ಹಾರದಂತೆ ಬಂಧಿಸುವ ಬಗೆ

ಮುಂಗಾರು ಹಿಡಿಯುವುದಕ್ಕೆ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗು ಮಳೆಯ ಜೊತೆಗೆ ಬರುವ ಬಿರುಗಾಳಿ ಹೆಚ್ಚು ಹೊತ್ತು ಬೀಸುವುದಿಲ್ಲ. ಆದರೆ ಆ ಸ್ವಲ್ಪ ಹೊತ್ತಿನಲ್ಲಿಯೇ ದನದ ಕೊಟ್ಟಿಗೆ, ರೇಷ್ಮೆಹುಳು ಸಾಕುವ ಮನೆ ಮತ್ತು ಕೋಳಿ ಶೆಡ್ಡುಗಳ ಚಾವಣಿ ಕಿತ್ತು ಪಕ್ಕದ ಹೊಲದಲ್ಲಿ ಬೀಳುವುದುಂಟು. ಚಾವಣಿಯ ನಷ್ಟ ಒಂದು ಕಡೆಯಾದರೆ, ನಾಲ್ಕನೆಯ ಜ್ವರ ಕಳೆದ ಹುಳುವಿನ ಮೇಲೆ ಮಳೆ ಸುರಿದು ಇಡೀ ಬೆಳೆ ಹಾಳಾಗುವುದು, ಕಟ್ಟಿದ ದನಗಳ ಮೇಲೆ ಮರ ಬೀಳುವುದು, ಹಾರಿದ ತಗಡು ದಾರಿಯಲ್ಲಿದ್ದವರಿಗೆ ತಗಲುವುದು ಅದಕ್ಕಿಂತ ದೊಡ್ಡ ನಷ್ಟ.

ಹೀಗೆ ಬಿದ್ದ ಕೊಟ್ಟಿಗೆಯನ್ನು ಸಾವಕಾಶವಾಗಿ ಪರೀಕ್ಷಿಸಿದರೆ ಒಂದು ಅಂಶ ಗೊತ್ತಾಗುತ್ತದೆ. ಮರ ನಡುವೆ ಮುರಿದಿರುವುದು ಅಪರೂಪ. ಹೆಚ್ಚಾಗಿ ಬಿಟ್ಟುಕೊಂಡಿರುವುದು ಮರ ಮರ ಸೇರುವ ಅಥವಾ ಮರ ಗೋಡೆ ಸೇರುವ ಜೋಡಣೆ. ಅಂದರೆ ಒಳ್ಳೆಯ ಮರಕ್ಕೂ ಶೀಟಿಗೂ ಹಣ ಹಾಕಿದ ರೈತರು ಮೊಳೆ, ಬೋಲ್ಟು, ಕಬ್ಬಿಣದ ಪಟ್ಟಿಗಳ ವಿಷಯದಲ್ಲಿ ಕೈ ಹಿಡಿದಿರುತ್ತಾರೆ.

ಹೆಂಚಿಗೆ ನಡೆದದ್ದು ಶೀಟಿಗೆ ನಡೆಯದು

ನಮ್ಮ ಬಡಗಿಗಳ ಹಳೆಯ ಪದ್ಧತಿಯಲ್ಲಿ ಕಬ್ಬಿಣದ ಬಳಕೆ ಬಹಳ ಕಡಿಮೆ. ಮರದಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸಿ, ಮರದ ಗೂಟ ಬಡಿದರೆ ಕೆಲಸ ಮುಗಿಯಿತು. ಇದರಲ್ಲಿ ತಪ್ಪೇನೂ ಇರಲಿಲ್ಲ. ಮಂಗಳೂರು ಹೆಂಚಿನ ಚಾವಣಿ ರೀಪೂ ಸೇರಿ ಚದರ ಮೀಟರಿಗೆ ಸುಮಾರು 65 ಕೆ.ಜಿ. ತೂಗುತ್ತದೆ. ಆ ಭಾರವೇ ಜೋಡಣೆಯನ್ನು ಸದಾ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು ತೂಗುವುದು ಚದರ ಮೀಟರಿಗೆ ಐದು ಕೆ.ಜಿ.ಯ ಆಸುಪಾಸು ಮಾತ್ರ. ಹೆಂಚು ತೆಗೆದು ಶೀಟು ಹೊದಿಸುವವರು ಮರಕ್ಕೆ ಭಾರ ಕಡಿಮೆಯಾಯಿತೆಂದು ಸಂತೋಷಪಡುತ್ತಾರೆ, ಅದು ಸರಿಯೇ. ಆದರೆ ಹಳೆಯ ಜೋಡಣೆಯನ್ನು ಅದುಮಿ ಹಿಡಿದಿದ್ದ ಭಾರವೂ ಅದರೊಂದಿಗೇ ಹೋಯಿತೆಂಬುದನ್ನು ಗಮನಿಸುವುದಿಲ್ಲ.

ಗಾಳಿ ಚಾವಣಿಯನ್ನು ಕೆಳಕ್ಕೆ ತಳ್ಳುತ್ತದೆಂಬ ತಿಳಿವಳಿಕೆ ಹಲವರಲ್ಲಿದೆ. ಇಳಿಜಾರು ಕಡಿಮೆ ಇರುವ ಚಾವಣಿಯ ಮೇಲೆ ವೇಗವಾಗಿ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಒಂದು ಬದಿ ತೆರೆದಿರುವ ಕೊಟ್ಟಿಗೆಯಾದರೆ ಒಳಕ್ಕೆ ನುಗ್ಗಿದ ಗಾಳಿಯೂ ಕೆಳಗಿನಿಂದ ಎತ್ತುತ್ತದೆ. ಎರಡೂ ಸೇರಿ ಚಾವಣಿ ಛತ್ರಿಯಂತೆ ಮೇಲೇಳುತ್ತದೆ.

ಈ ಬಲ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ಕಟ್ಟಡಗಳ ವಿನ್ಯಾಸಕ್ಕಾಗಿ ಹಿಡಿಯಬೇಕಾದ ಗಾಳಿಯ ವೇಗವನ್ನು ಕೊಟ್ಟಿದೆ. ಬೆಂಗಳೂರಿಗೆ ಇದು ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಮಂಗಳೂರಿಗೆ 39 ಮೀಟರ್. 33 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 65 ಕೆ.ಜಿ.ಯಷ್ಟಾಗುತ್ತದೆ, ಚದರ ಅಡಿಗೆ ಆರು ಕೆ.ಜಿ. ವೇಗ 39 ಮೀಟರಿಗೆ ಏರಿದರೆ ಒತ್ತಡ ಚದರ ಮೀಟರಿಗೆ 93 ಕೆ.ಜಿ. ಮುಟ್ಟುತ್ತದೆ. ತೆರೆದ ಕೊಟ್ಟಿಗೆಯಲ್ಲಿ ಇದು ಬಹುಮಟ್ಟಿಗೆ ಪೂರ್ತಿಯಾಗಿ ಮೇಲ್ಮುಖವಾಗಿರುತ್ತದೆಂದು ಹಿಡಿಯುವುದು ಕ್ಷೇಮ.

ಈಗ 30 ಅಡಿ ಉದ್ದ, 20 ಅಡಿ ಅಗಲದ ಕೊಟ್ಟಿಗೆಯನ್ನು ತೆಗೆದುಕೊಳ್ಳೋಣ. ಚಾವಣಿ 600 ಚದರ ಅಡಿ. ಎತ್ತುವ ಬಲ 3600 ಕೆ.ಜಿ. ತಗಡಿನ ತೂಕ 300 ಕೆ.ಜಿ.ಯೂ ಇಲ್ಲ. ಹತ್ತು ಅಡಿಗೊಂದರಂತೆ ನಾಲ್ಕು ಟ್ರಸ್ ನಿಲ್ಲಿಸಿದ್ದರೆ, ನಡುವಿನ ಟ್ರಸ್‌ನ ಒಂದೊಂದು ತುದಿ 100 ಚದರ ಅಡಿ ಚಾವಣಿಯ ಹೊಣೆ ಹೊರಬೇಕು. ಅಂದರೆ 600 ಕೆ.ಜಿ. ಇದರಲ್ಲಿ ಶೀಟು ಮತ್ತು ಮರದ ತೂಕಕ್ಕೆ 150 ಕೆ.ಜಿ. ಕಳೆದರೂ ಉಳಿದ 450 ಕೆ.ಜಿ.ಯನ್ನು ಹಿಡಿದು ನಿಲ್ಲಿಸಬೇಕಾದದ್ದು ಅಲ್ಲಿಯ ಜೋಡಣೆಯೇ.

ಶೀಟಿನ ಮೇಲೆ ಕಲ್ಲುಗುಂಡು ಹೇರುವ ವಾಡಿಕೆಯನ್ನು ಈ ಲೆಕ್ಕದ ಮುಂದೆ ಇಟ್ಟು ನೋಡಬೇಕು. 20 ಕೆ.ಜಿ. ತೂಕದ ಒಂದು ಗುಂಡು ಮೂರೂ ಕಾಲು ಚದರ ಅಡಿಯನ್ನು ಮಾತ್ರ ಕಾಯುತ್ತದೆ. ಇಡೀ ಚಾವಣಿಗೆ 180 ಗುಂಡು ಬೇಕಾದೀತು! ಇಟ್ಟ ಹತ್ತಿಪ್ಪತ್ತು ಗುಂಡುಗಳು ಶೀಟು ಎದ್ದಾಗ ಉರುಳಿ ದನದ ಮೇಲೋ ಮಕ್ಕಳ ಮೇಲೋ ಬೀಳುತ್ತವೆ. ಇದನ್ನು ಕೂಡಲೇ ಬಿಡುವುದು ಒಳಿತು.

ಶೀಟು ಮತ್ತು ಪರ್ಲಿನ್

ಶೀಟು ಕೂರುವ ಅಡ್ಡ ಮರವನ್ನು ಅಥವಾ ಕಬ್ಬಿಣದ ಕೊಳವೆಯನ್ನು ಪರ್ಲಿನ್ ಎನ್ನುತ್ತಾರೆ. ಇಲ್ಲಿ ಮೊಳೆಯ ಬದಲು ಜೆ ಆಕಾರದ ಹುಕ್ ಬೋಲ್ಟು ಬಳಸಬೇಕು. ಅದರ ಬಾಗಿದ ತುದಿ ಪರ್ಲಿನ್‌ನ ಅಡಿಯನ್ನು ಕಚ್ಚಿ ಹಿಡಿಯುವುದರಿಂದ ಮೇಲಕ್ಕೆ ಕಿತ್ತು ಬರುವುದಿಲ್ಲ. 8 ಮಿ.ಮೀ. ದಪ್ಪದ್ದು ಸಾಕು. ತೂತನ್ನು ಶೀಟಿನ ಉಬ್ಬಿನ ಮೇಲೆ ಕೊರೆಯಬೇಕು. ತಗ್ಗಿನಲ್ಲಿ ಕೊರೆದರೆ ನೀರು ಅಲ್ಲಿಯೇ ಹರಿದು ಸೋರುತ್ತದೆ. ನಟ್ಟಿನ ಕೆಳಗೆ ಟೋಪಿಯಂಥ ತಗಡಿನ ವಾಷರ್, ಅದರ ಕೆಳಗೆ ಡಾಂಬರಿನ ವಾಷರ್ ಇರಬೇಕು. ಬರಿಯ ನಟ್ಟು ಹಾಕಿದರೆ ಗಾಳಿ ಬಂದಾಗ ಬೋಲ್ಟು ಇದ್ದಲ್ಲಿಯೇ ಇದ್ದು ಶೀಟು ಹರಿದುಕೊಂಡು ಮೇಲೇಳುತ್ತದೆ.

ಪರ್ಲಿನ್‌ಗಳು ನಾಲ್ಕು ಅಡಿ ಅಂತರದಲ್ಲಿದ್ದು ಬೋಲ್ಟುಗಳು ಎರಡು ಅಡಿಗೊಂದು ಇದ್ದರೆ ಪ್ರತಿ ಬೋಲ್ಟಿನ ಪಾಲು ಸುಮಾರು 48 ಕೆ.ಜಿ. ನಡುಭಾಗಕ್ಕೆ ಇದು ಸರಿ. ಸೂರಿನ ಅಂಚು, ಗುಮ್ಮಟದ ಪಕ್ಕ, ಅದರಲ್ಲೂ ನಾಲ್ಕು ಮೂಲೆಗಳಲ್ಲಿ ಗಾಳಿಯ ಸೆಳೆತ ಬಹಳ ಹೆಚ್ಚು. ಅಲ್ಲಿ ಅಡಿಗೊಂದು ಬೋಲ್ಟು ಇರಲಿ. ಶೀಟು ಕೀಳುವುದು ಸಾಮಾನ್ಯವಾಗಿ ಮೂಲೆಯಿಂದಲೇ ಆರಂಭವಾಗುತ್ತದೆ. ಒಂದು ಎದ್ದರೆ ಅದರ ಸಂದಿನಿಂದ ಗಾಳಿ ಹೊಕ್ಕು ಬಾಳೆಯ ಪಟ್ಟೆ ಬಿಚ್ಚಿದಂತೆ ಉಳಿದವು ಸಾಲಾಗಿ ಬರುತ್ತವೆ. ಸೂರನ್ನು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಚಾಚದಿರುವುದೂ ಇದೇ ಕಾರಣಕ್ಕೆ.

ಈಚೆಗೆ ಬಣ್ಣದ ತಗಡಿಗೆ ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳು ಬಂದಿವೆ. ಕಬ್ಬಿಣದ ಪರ್ಲಿನ್‌ಗೆ ಇವು ಅನುಕೂಲ. ಆದರೆ ಯಂತ್ರದಿಂದ ಅತಿಯಾಗಿ ಬಿಗಿದರೆ ರಬ್ಬರ್ ವಾಷರ್ ಹಿಚುಕಿಹೋಗುತ್ತದೆ, ಓರೆಯಾಗಿ ಬಿಗಿದರೆ ಒಂದು ಕಡೆ ಕೂರುವುದೇ ಇಲ್ಲ. ಸಿಮೆಂಟ್ ಶೀಟಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರಿನಿಂದ ಕೂಡಿರುವುದುಂಟು. ಆದ್ದರಿಂದ ಅದನ್ನು ನೀರು ಹಾಕಿ ಒದ್ದೆ ಮಾಡಿಯೇ ಕೈಬೈರಿಗೆಯಿಂದ ಕೊರೆಯತಕ್ಕದ್ದು.

ಪರ್ಲಿನ್ ಮತ್ತು ಟ್ರಸ್

ಹುಕ್ ಬೋಲ್ಟನ್ನು ಚೆನ್ನಾಗಿ ಹಾಕಿದವರೂ ಇಲ್ಲಿ ಸೋಲುವುದುಂಟು. ಶೀಟು ಪರ್ಲಿನ್‌ನಿಂದ ಬಿಡುವುದಿಲ್ಲ, ಪರ್ಲಿನ್ ಸಮೇತ ಹಾರಿಹೋಗುತ್ತದೆ. ಕಾರಣ, ಪರ್ಲಿನ್‌ನ ನೆತ್ತಿಯಿಂದ ಕೆಳಕ್ಕೆ ಹೊಡೆದ ಒಂದೆರಡು ಮೊಳೆ. ಮೊಳೆಗೆ ಅಡ್ಡವಾಗಿ ಬರುವ ಬಲವನ್ನು ತಡೆಯುವ ಶಕ್ತಿ ಸಾಕಷ್ಟಿದೆ. ಹೊಡೆದ ದಿಕ್ಕಿನಲ್ಲಿಯೇ ಎಳೆದರೆ ಅದು ಜಾರಿ ಬರುತ್ತದೆ. ಮರದ ಎಳೆಯ ಉದ್ದಕ್ಕೆ, ಅಂದರೆ ಕೊಯ್ದ ತುದಿಯಲ್ಲಿ ಹೊಡೆದ ಮೊಳೆಯಂತೂ ಎಳೆತಕ್ಕೆ ನಂಬಲರ್ಹವಲ್ಲ. ಕಬ್ಬಿಣದ ಪಟ್ಟಿಯ ಉಪಯೋಗ ಇರುವುದು ಇಲ್ಲಿಯೇ. ಒಂದು ಅಂಗುಲ ಅಗಲ, 3 ಮಿ.ಮೀ. ದಪ್ಪದ ಪಟ್ಟಿಯನ್ನು ಪರ್ಲಿನ್‌ನ ಮೇಲೆ ಬಳಸಿ ತಂದು ಟ್ರಸ್‌ನ ಎರಡೂ ಪಕ್ಕಗಳಿಗೆ ಮೊಳೆ ಅಥವಾ ಬೋಲ್ಟಿನಿಂದ ಬಂಧಿಸಿದರೆ, ಮೇಲಕ್ಕೆ ಎಳೆಯುವ ಬಲ ಮೊಳೆಗೆ ಅಡ್ಡವಾಗಿ ತಿರುಗುತ್ತದೆ. ಊರಿನ ಕುಲುಮೆಯಲ್ಲಿಯೇ ಇಂಥ ಪಟ್ಟಿಗಳನ್ನು ತೂತು ಸಹಿತ ಮಾಡಿಸಿಕೊಳ್ಳಬಹುದು.

ಮೊಳೆ ಕೆಳಗಿನ ಮರಕ್ಕೆ ಸೇರಿದೆಯೇ ಎಂಬುದನ್ನೂ ನೋಡಬೇಕು. 1992ರ ಆಗಸ್ಟ್‌ನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯವನ್ನು ಆ್ಯಂಡ್ರೂ ಎಂಬ ಚಂಡಮಾರುತ ಹೊಡೆದಾಗ, ಅನೇಕ ಮನೆಗಳ ಚಾವಣಿ ಹಲಗೆಗೆ ಹೊಡೆದ ಮೊಳೆಗಳು ಕೆಳಗಿನ ಮರಕ್ಕೆ ತಾಗದೆ ಪಕ್ಕದ ಖಾಲಿ ಜಾಗಕ್ಕೆ ಹೋಗಿದ್ದುದು ಕಂಡುಬಂತು.

ನೀಲಗಿರಿ ಮತ್ತು ಸರ್ವೆ ಗಳಗಳಲ್ಲಿ ಮೊಳೆ ಹೊಡೆದರೆ ಸೀಳುತ್ತವೆ. ಮೊಳೆಗಿಂತ ಸ್ವಲ್ಪ ಸಣ್ಣ ತೂತು ಕೊರೆದು ಹೊಡೆಯಬೇಕು. ಬೋಲ್ಟನ್ನು ಮರದ ತುದಿಯಿಂದ ಅದರ ದಪ್ಪದ ಏಳರಷ್ಟಾದರೂ ಒಳಗೆ ಹಾಕಬೇಕು, 12 ಮಿ.ಮೀ. ಬೋಲ್ಟಿಗೆ ಮೂರೂವರೆ ಅಂಗುಲದಷ್ಟು. ಅಡಿಕೆಯ ದಬ್ಬೆಗೆ ಮೊಳೆಯ ಹಿಡಿತವಿಲ್ಲ. ಅದನ್ನು ಪಟ್ಟಿಯಿಂದ ಸುತ್ತಿಯೇ ಕಟ್ಟಬೇಕು. ಬೆಸುಗೆ ಹಾಕುವ ಕಬ್ಬಿಣದ ಟ್ರಸ್ ಆದರೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸುಗೆ ಇಟ್ಟು ಬಣ್ಣ ಬಳಿಯುವುದಕ್ಕೆ ಅವಕಾಶ ಕೊಡಬಾರದು. ಬಣ್ಣ ಬಳಿಯುವ ಮೊದಲೇ ಎಲ್ಲ ಬೆಸುಗೆಗಳನ್ನು ಮಾಲೀಕರು ನೋಡಿಕೊಳ್ಳಲಿ.

ಟ್ರಸ್, ಗೋಡೆ, ಕಂಬ

ಗೋಡೆಯ ಮೇಲಿನ ಎರಡು ವರಸೆ ಇಟ್ಟಿಗೆಯಲ್ಲಿ ಪಟ್ಟಿ ಹುದುಗಿಸಿ ಭದ್ರವಾಯಿತೆಂದು ತಿಳಿಯುವುದು ತಪ್ಪು. ಗಾಳಿ ಆ ಎರಡು ವರಸೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಇಟ್ಟಿಗೆ ಕಟ್ಟಡದ ಒಂದು ಘನ ಅಡಿ ಸುಮಾರು 54 ಕೆ.ಜಿ. 450 ಕೆ.ಜಿ. ಹಿಡಿಯಲು ಎಂಟು ಘನ ಅಡಿಗಿಂತ ಹೆಚ್ಚು ಗೋಡೆ ಪಟ್ಟಿಯ ಜೊತೆ ಬರಬೇಕು. ಒಂಬತ್ತು ಅಂಗುಲದ ಗೋಡೆಯಲ್ಲಿ 12 ಮಿ.ಮೀ. ಸರಳನ್ನು ಮೂರರಿಂದ ನಾಲ್ಕು ಅಡಿ ಆಳಕ್ಕೆ ಇಳಿಸಿ, ಅದರ ಕೆಳತುದಿಗೆ ಅಂಗೈ ಅಗಲದ ಕಬ್ಬಿಣದ ಬಿಲ್ಲೆ ಬೆಸೆದು ಕಟ್ಟಿದರೆ ಇಷ್ಟು ಗೋಡೆ ಸಿಕ್ಕುತ್ತದೆ. ಗೋಡೆಯ ನೆತ್ತಿಯಲ್ಲಿ ಉದ್ದಕ್ಕೂ ಕಾಂಕ್ರೀಟಿನ ಪಟ್ಟಿ ಹಾಕಿ ಸರಳುಗಳನ್ನು ಅದಕ್ಕೆ ಸೇರಿಸಿದರೆ ಇನ್ನೂ ಉತ್ತಮ. ಮಣ್ಣಿನ ಗೋಡೆಗೆ ಈ ನಂಬಿಕೆ ಬೇಡ. ಅಲ್ಲಿ ಪ್ರತ್ಯೇಕ ಕಂಬಗಳನ್ನು ನಿಲ್ಲಿಸಿ ಚಾವಣಿಯನ್ನು ಅವಕ್ಕೆ ಕಟ್ಟುವುದೇ ಸರಿ.

ಕಂಬದ ಬುಡಕ್ಕೂ ಇದೇ ಲೆಕ್ಕ. ಒಂದೂವರೆ ಅಡಿ ಚದರ, ಮೂರು ಅಡಿ ಆಳದ ಗುಂಡಿಗೆ ತುಂಬಿದ ಕಾಂಕ್ರೀಟು ಸುಮಾರು 460 ಕೆ.ಜಿ. ತೂಗುತ್ತದೆ. ಕಬ್ಬಿಣದ ಕಂಬವಾದರೆ ಬುಡದಲ್ಲಿ ತೂತು ಕೊರೆದು ಅಡ್ಡ ಸರಳು ತೂರಿಸಿ ಕಾಂಕ್ರೀಟು ಹಾಕಬೇಕು. ನುಣ್ಣನೆಯ ಕೊಳವೆ ಕಾಂಕ್ರೀಟಿನಿಂದ ಕಳಚಿಕೊಳ್ಳಬಹುದು. ಕಲ್ಲುಕಂಬದ ಮೇಲೆ ತೊಲೆಯನ್ನು ಸುಮ್ಮನೆ ಕೂರಿಸದೆ, ಕಂಬದ ತಲೆಯನ್ನು ಎರಡು ಭಾಗದ ಪಟ್ಟಿಯಿಂದ ಬಳಸಿ ಬೋಲ್ಟಿನಿಂದ ಬಿಗಿದು, ಅದೇ ಪಟ್ಟಿಯ ಕಿವಿಗಳನ್ನು ತೊಲೆಗೆ ಬಂಧಿಸಬೇಕು. ಪಟ್ಟಿ ಮೇಲಕ್ಕೆ ಜಾರದಂತೆ ಕಲ್ಲಿನಲ್ಲಿ ಸಣ್ಣ ಕಚ್ಚು ಹೊಡೆಸಿರಬೇಕು.

ತುಕ್ಕು

ಗಂಜಲದಿಂದ ಏಳುವ ಅಮೋನಿಯ ಮತ್ತು ತೇವ ಕಬ್ಬಿಣಕ್ಕೆ ಶತ್ರು. ಕರಾವಳಿಯಲ್ಲಿ ಇದರ ಮೇಲೆ ಉಪ್ಪು ಗಾಳಿಯೂ ಸೇರುತ್ತದೆ. ಸತುವಿನ ಬಿಸಿ ಲೇಪನವಿರುವ ಬೋಲ್ಟು, ಪಟ್ಟಿಗಳನ್ನೇ ಕೊಳ್ಳಬೇಕು. ಕುಲುಮೆಯಲ್ಲಿ ಮಾಡಿಸಿದವಕ್ಕೆ ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹಚ್ಚಬೇಕು. ಅಡಿಕೆ ಬೆಳೆಗಾರರು ಮತ್ತೊಂದು ಎಚ್ಚರಿಕೆ ವಹಿಸುವುದು ಅಗತ್ಯ. ಮೈಲುತುತ್ತದ ದ್ರಾವಣ ಸತುವಿನ ಲೇಪನವನ್ನು ತಿನ್ನುತ್ತದೆ. ಬೋರ್ಡೋ ದ್ರಾವಣ ತಯಾರಿಸುವ, ಪಂಪು ತೊಳೆಯುವ ಕೆಲಸವನ್ನು ಶೆಡ್ಡಿನ ಕಂಬದ ಬುಡದಲ್ಲಿ ಇಟ್ಟುಕೊಳ್ಳಬಾರದು.

ಇರುವ ಕೊಟ್ಟಿಗೆಯನ್ನು ಸುಧಾರಿಸಲು ಚಾವಣಿ ಬಿಚ್ಚಬೇಕಾಗಿಲ್ಲ. ಯುಗಾದಿಗೆ ಮುಂಚೆ ಎರಡು ದಿನದ ಬಿಡುವಿನಲ್ಲಿ ಟ್ರಸ್ ತುದಿಗಳನ್ನು ಗೋಡೆಗೆ ಅಥವಾ ಕಂಬಕ್ಕೆ ಕಟ್ಟುವ ಕೆಲಸ ಮೊದಲು, ಮೂಲೆ ಮತ್ತು ಸೂರಿನ ಬೋಲ್ಟುಗಳು ಆನಂತರ, ಪರ್ಲಿನ್ ಪಟ್ಟಿಗಳು ಕೊನೆಗೆ ಎಂದು ಕ್ರಮವಿಟ್ಟುಕೊಂಡರೆ, ಹಣ ಅರ್ಧಕ್ಕೆ ನಿಂತರೂ ಮುಖ್ಯವಾದದ್ದು ಆಗಿರುತ್ತದೆ. ಬೈಂಡಿಂಗ್ ತಂತಿಯ ಕಟ್ಟನ್ನು ತಾತ್ಕಾಲಿಕವೆಂದೇ ತಿಳಿದು ಆ ವರ್ಷವೇ ಬದಲಿಸಬೇಕು. ಹಸಿ ಮರ ಬಳಸಿದ್ದರೆ ಅದು ಒಣಗಿ ಕುಗ್ಗಿದ ಮೇಲೆ ಬೋಲ್ಟುಗಳು ಸಡಿಲಾಗುತ್ತವೆ. ಒಂದು ಬೇಸಿಗೆ ಕಳೆದ ನಂತರ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ತಿರುಗಿಸಿ ಬಿಗಿಯಬೇಕು. ಈ ಕೆಲಸಕ್ಕೆ ಮೇಲೆ ಹತ್ತುವವರು ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಡದೆ, ಎರಡು ಪರ್ಲಿನ್‌ಗಳಿಗೆ ತಾಗುವಂತೆ ಉದ್ದನೆಯ ಹಲಗೆ ಹಾಕಿಕೊಂಡು ಅದರ ಮೇಲೆಯೇ ನಡೆಯತಕ್ಕದ್ದು.