ಮುಂದಿನ ಚಕ್ರಕ್ಕೆ ಅದರ ಭಾರ ಮರಳಲಿ

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ಕುಗಳ ಹಿಂದೆ ಮನೆಗಳೇ ಹೊರಡುತ್ತವೆ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲ ಇರುವ ಈ ಟ್ರೇಲರಿನ ಮೂತಿ ಕೂರುವುದು ಟ್ರಕ್ಕಿನ ಹಿಂಬದಿಯ ಒಂದು ಉಕ್ಕಿನ ಗುಂಡಿನ ಮೇಲೆ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಅಲ್ಲಿ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ, ವೇಗ ಹೆಚ್ಚಿದಾಗ ಟ್ರೇಲರ್ ಅತ್ತಿತ್ತ ತೊನೆಯತೊಡಗುತ್ತದೆ.

ಬಿದ್ದ ಭಾರವೂ ಸುಮ್ಮನಿರುವುದಿಲ್ಲ. 3,000 ಕೆಜಿ ಟ್ರೇಲರು, ಮೂತಿಯ ಭಾರ 360 ಕೆಜಿ ಎಂದಿಟ್ಟುಕೊಳ್ಳಿ. ಗುಂಡು ಹಿಂದಿನ ಆಕ್ಸಲ್‌ಗಿಂತ 1.5 ಮೀಟರ್ ಆಚೆಗಿದೆ, ಟ್ರಕ್ಕಿನ ಎರಡು ಆಕ್ಸಲ್‌ಗಳ ಅಂತರ 3.6 ಮೀಟರ್. ಹಿಂದಿನ ಆಕ್ಸಲ್ ಸನ್ನೆಯ ಆನಿಕೆಯಾಗಿ, ಮುಂದಿನ ಚಕ್ರಗಳ ಮೇಲಿನ ಭಾರ 150 ಕೆಜಿ ಇಳಿಯುತ್ತದೆ, ಹಿಂದಿನವುಗಳ ಮೇಲೆ 510 ಕೆಜಿ ಏರುತ್ತದೆ. ಗಾಡಿಯನ್ನು ತಿರುಗಿಸುವುದೂ ಬ್ರೇಕಿನ ದೊಡ್ಡ ಪಾಲು ಹೊರುವುದೂ ಮುಂದಿನ ಚಕ್ರಗಳೇ. ಟ್ರಕ್ಕಿನ ಮುಂಭಾಗ ಮೇಲೆದ್ದು ಹೆಡ್‌ಲೈಟಂತೂ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಇದಕ್ಕೆ ಪರಿಹಾರ, ಟ್ರಕ್ಕಿಗೂ ಟ್ರೇಲರಿಗೂ ಕೊಂಡಿಯಾಗುವ ‘ಭಾರ ಹಂಚುವ ಹಿಚ್’. ಅದರಲ್ಲಿ ಗುಂಡಿನ ಕೆಳಗಿನಿಂದ ಎರಡು ಸ್ಪ್ರಿಂಗ್ ಸರಳುಗಳು ಹಿಂದಕ್ಕೆ ಚಾಚಿರುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದ ಟ್ರೇಲರಿನ ಚೌಕಟ್ಟಿಗೆ ಎಳೆದು ಬಿಗಿದರೆ, ತಳ್ಳುಗಾಡಿಯ ಹಿಡಿಕೆ ಎತ್ತಿದಂತೆ ಟ್ರಕ್ಕಿನ ಹಿಂಭಾಗ ಮೇಲೇಳುತ್ತದೆ. ಗುಂಡಿನಿಂದ ಟ್ರೇಲರಿನ ಆಕ್ಸಲ್‌ಗೆ 6 ಮೀಟರ್ ಇದ್ದರೆ, ಮುಂದಿನ ಚಕ್ರಗಳಿಗೆ 75 ಕೆಜಿ ಮರಳುವಷ್ಟು ಬಿಗಿದಾಗ ಟ್ರೇಲರಿನ ಚಕ್ರಗಳಿಗೆ 36 ಕೆಜಿ ಹೋಗುತ್ತದೆ. ಹಿಂದಿನ ಆಕ್ಸಲ್‌ಗೆ 111 ಕೆಜಿ ಹಗುರ. ಒಟ್ಟು ತೂಕದಲ್ಲಿ ಮಾತ್ರ ಒಂದು ಗ್ರಾಮೂ ಕಡಿಮೆಯಾಗಿಲ್ಲ! ಹಿಚ್ ಹಾಕಿದ ಮಾತ್ರಕ್ಕೆ ಟ್ರಕ್ಕಿನ ತಾಕತ್ತು ಹೆಚ್ಚಿತೆಂಬುದು ಭ್ರಮೆ.

ಹಾಗೆಂದು ಸಿಕ್ಕಾಪಟ್ಟೆ ಬಿಗಿಯಲೂ ಬಾರದು. ಹಿಂದಿನ ಚಕ್ರಗಳು ಅತಿಯಾಗಿ ಹಗುರಾದರೆ ತಿರುವಿನಲ್ಲಿ ಟ್ರಕ್ಕಿನ ಹಿಂಭಾಗ ಜಾರುತ್ತದೆ. ಅಳೆಯಲು ಟೇಪೊಂದು ಸಾಕು: ಮುಂದಿನ ಮಡ್‌ಗಾರ್ಡಿನ ಅಂಚು ನೆಲದಿಂದ ಎಷ್ಟು ಎತ್ತರವಿದೆಯೆಂದು ಟ್ರೇಲರ್ ಜೋಡಿಸುವ ಮೊದಲು, ಜೋಡಿಸಿದ ಮೇಲೆ, ಸರಳು ಬಿಗಿದ ಮೇಲೆ ನೋಡಿ. ಎದ್ದ ಎತ್ತರದಲ್ಲಿ ಎಷ್ಟು ಇಳಿಸಬೇಕೆಂದು ಟ್ರಕ್ಕಿನ ಕೈಪಿಡಿ ಹೇಳುತ್ತದೆ. ಅರ್ಧ ಸಾಕೆನ್ನುವ ತಯಾರಕರೂ ಇದ್ದಾರೆ.

ಕೊಳ್ಳುವಾಗ ಕಂಪನಿಯ ಪತ್ರಿಕೆಯಲ್ಲಿರುವ ಖಾಲಿ ಟ್ರೇಲರಿನ ತೂಕ ನಂಬಬೇಡಿ. ನೀರು, ಗ್ಯಾಸ್ ಸಿಲಿಂಡರು, ಸಾಮಾನು ತುಂಬಿದ ಮೇಲಿನ ಮೂತಿಯ ಭಾರಕ್ಕೆ, ಟ್ರಕ್ಕಿನ ಹಿಂದಿನ ಆಕ್ಸಲ್‌ನ ಆಚೆ ಹೇರಿದ್ದನ್ನೂ ಸೇರಿಸಿ ಸರಳು ಆರಿಸಬೇಕು. ಬೇಕಾದ್ದಕ್ಕಿಂತ ಬಿರುಸಾದ ಸರಳು ಟ್ರೇಲರನ್ನು ಕುಲುಕಿ ಹಣ್ಣು ಮಾಡುತ್ತದೆ. ಟ್ರೇಲರಿನ ತೊನೆತಕ್ಕೆ ಈ ಹಿಚ್ಚೊಂದೇ ಮದ್ದಲ್ಲ. ಘರ್ಷಣೆಯಿಂದ ಅದನ್ನು ತಡೆಯುವ ಏರ್ಪಾಡು ಕೆಲವು ಮಾದರಿಗಳಲ್ಲಿ ಮಾತ್ರ ಇರುತ್ತದೆ, ಕೇಳಿ ತಿಳಿಯಿರಿ. ಬಿಗಿದ ಸರಳನ್ನು ಬರಿಗೈಯಲ್ಲಿ ಬಿಚ್ಚಲು ಹೋಗಬೇಡಿ. ಜ್ಯಾಕಿನಿಂದ ಮೂತಿಯನ್ನೂ ಟ್ರಕ್ಕಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿ, ಸರಪಳಿ ಸಡಿಲಾದ ಮೇಲೆಯೇ ಕೈಯಿಡಿ.